ಹಳದಿ ಛತ್ರಿಯ ಹಿಂದೆ

ಆಯಿ: ಸುಳ್ಳ ಹೇಳಬ್ಯಾಡ ವಿಶಾ. ಊಟಾ ಆಯ್ತಂದಿ, ಅಲ್ಲಿಂದ ಸೀದಾ ಸಂಜಿ ಚಹಾಕ ಜಿಗದಿ. ನಡುವಿನ ಮಧ್ಯಾಹ್ನ ಎಲ್ಲಿ ಹೋಯ್ತು?

ವಿಶಾಖಾ: ಎಲ್ಲಿ ಹೋಗ್ತದ ಆಯಿ. ಬುದ್ಧನ ವಿಹಾರ ನೋಡಿದ್ವಿ, ಅಷ್ಟೇ.

ಬೀದರಿನ ಚಿದ್ರಿಯ ಓಣಿಗೆ ಟ್ಯಾಂಕರ್ ಬರುವ ದಿನ. ಕೊಡಗಳು ಬೆಳಗ್ಗೆಯೇ ಸಾಲು ಹಿಡಿದಿವೆ. ನಾಲ್ಕು ಮನೆಯವರು ದುಡಿಯಲು ಹೈದರಾಬಾದಿಗೆ ಹೋಗಿರುವುದರಿಂದ ಸಾಲು ಈ ಸಲ ಗಿಡ್ಡ. ಕೊಡಗಳ ಪಕ್ಕ ಬೇವಿನ ನೆರಳಲ್ಲಿ ಅನುಸೂಯಾಬಾಯಿಯೂ ಮೊಮ್ಮಗಳು ವಿಶಾಖಾಳೂ ಕೂತಿದ್ದಾರೆ. ಎಂಟು ದಿನಕ್ಕೊಮ್ಮೆ ಬರುವ ನೀರು. ಎದ್ದು ಹೋದರೆ ಪಾಳಿ ಹೋಯಿತು. ಹಾಗಾಗಿ ಹುಡುಗಿಗೆ ಅಜ್ಜಿಯಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಕಾಲೇಜಿನವರ ಜೊತೆ ಬ್ಯಾಂಕಾಕ್ ನೋಡಿ ಬಂದು ಅವಳಿಗೆ ಎರಡು ದಿನ. ಕೈಯಲ್ಲಿ ಪುಣೆಯ ಕಾಲೇಜಿನ ಅರ್ಜಿ. ಅದಕ್ಕೆ ಅಪ್ಪ ಮಚ್ಛೇಂದ್ರನ ಸಹಿ ಬೇಕು, ನಾಳೆಯೇ ಕೊನೆಯ ದಿನ. ಅಪ್ಪನ ಷರತ್ತು ಒಂದೇ: ಪ್ರವಾಸದಲ್ಲಿ ಮಗಳು ಗುಂಪು ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಿರಬಾರದು. ಸದ್ಯ ಅವನು ಟ್ಯಾಂಕರ್ ಎಲ್ಲಿಗೆ ಬಂತೆಂದು ನೋಡಲು ಮೂಲೆಗೆ ಹೋಗಿದ್ದಾನೆ.

ಆಯಿ: ಮತ್ತ ಮೊದಲಿಂದ ಹೇಳು. ಎಷ್ಟಕ್ಕ ಎದ್ರಿ?

ವಿಶಾಖಾ: ಐದಕ್ಕ. ಸರ್ ಬಾಗಲಾ ಬಡದು ಎಬ್ಬಿಸಿದ್ರು.

ಆಯಿ: ನಮ್ಮ ಮುಕಾದಮ ನಾಲ್ಕಕ್ಕೇ ಎಬ್ಬಸ್ತಿದ್ದ. ನಿಮ್ಮವ ಪಾಪ, ಒಳ್ಳ್ಯಾವ.

ವಿಶಾಖಾ: ಅವರು ಕೂಲಿ ಮಂದಿ ಮುಕಾದಮ ಅಲ್ಲ ಆಯಿ. ಪ್ರೊಫೆಸರ್ ಇದ್ದಾರ.

ಆಯಿ: ಗಿನತಿ ಮಾಡ್ತಿದ್ದಿಲ್ಲೇನು?

ವಿಶಾಖಾ: ಮಾಡ್ತಿದ್ರು. ಬಸ್ ಹತ್ತುಮುಂದ ಒಮ್ಮಿ, ಇಳಿಯುಮುಂದ ಒಮ್ಮಿ ತಲಿ ಎಣಸ್ತಿದ್ರು.

ಆಯಿ: ಕಾಗದಪತ್ರ ಯಾರ ಹಂತ್ಯಾಕ?

ವಿಶಾಖಾ: ಪಾಸ್‌ಪೋರ್ಟ್ ಎಲ್ಲಾ ಸರ್ ಹಂತ್ಯಾಕೇ.

ಆಯಿ: ಊಟಕ್ಕ ಸಾಲು?

ವಿಶಾಖಾ: ಸಾಲು. ಎಲ್ಲರಿಗೂ ಒಂದೇ ನಮೂನಿ ಕೆಂಪು ಟೊಪ್ಪಗಿನೂ ಕೊಟ್ಟಿದ್ರು.

ಆಯಿ: ಮತ್ತ ಅಂವ ಮುಕಾದಮ ಅಲ್ಲದ ಇನ್ಯಾರು? ಎಪ್ಪತ್ತೆರಡರ ಬರದಾಗ ನಮ್ಮೂರು ಮೆಹಕರದಿಂದ ನಲವತ್ತು ಮಂದಿ ಪುಣೆ ಕಡಿ ಕಾಲುವಿ ತೋಡಾಕ ಹೋಗಿದ್ವಿ. ಬರೋಬರ್ ಹಿಂಗೇ. ಟೊಪ್ಪಗಿ ಮಾತ್ರ ಕೊಟ್ಟಿದ್ದಿಲ್ಲ. ಏನ್ ಹೊರಸಿದ್ರು ನಿಮ್ಮ ತಲಿ ಮ್ಯಾಲ?

ವಿಶಾಖಾ: ಏನೂ ಹೊರಸಿಲ್ಲ. ನಾವು ನೋಡಾಕ ಹೋದವರು.

ಆಯಿ: ಇಡೀ ದಿನ ಬರೇ ನೋಡಿದ್ರಿ?

ವಿಶಾಖಾ: ಬರೇ ನೋಡಿದ್ವಿ.

ಆಯಿ: ಐದಕ್ಕ ಎಬ್ಬಿಸಿ, ಸಾಲಿನಾಗ ನಿಂದ್ರಿಸಿ, ಬಿಸಲಾಗ ತಿರುಗಿಸಿ, ಕೆಲಸಾನೂ ಕೊಡಲಿಲ್ಲ? ನಮಗಿಂತ ಛಲೋ ಮೋಸಾ ಮಾಡ್ಯಾರ ನಿಮಗ.

ಚಿತ್ರ ತೋರಿಸಿದರೆ ಮುದುಕಿಯ ಬಾಯಿಗೆ ಬಿಡುವು ಸಿಗಬಹುದೆಂದು ವಿಶಾಖಾ ಫೋನ್ ತೆರೆದಳು. ಪಾಪದ ಹುಡುಗಿ, ತನ್ನ ಅಜ್ಜಿಯನ್ನು ಇನ್ನೂ ಅರಿತಿಲ್ಲ.

ವಿಶಾಖಾ: ನೋಡು, ಮಲಗಿದ ಬುದ್ಧ. ನಮ್ಮ ಓಣಿ ಉದ್ದ ಅದಾರ.

ಅನುಸೂಯಾಬಾಯಿ ಸೆರಗು ತಲೆಗೆಳೆದುಕೊಂಡು ಫೋನಿಗೇ ಕೈಮುಗಿದಳು.

ಆಯಿ: ಎಷ್ಟು ಶಾಂತ ಮಲಗ್ಯಾರ ನೋಡು. ನಂಗ ಕಣ್ಣು ತುಂಬಿ ಬರ್ಲಾಕತ್ತದ. ಎಷ್ಟೊತ್ತು ನಿಂತಿದ್ದಿ ಮುಂದ?

ವಿಶಾಖಾ: ಹತ್ತು ನಿಮಿಷ ಅಂದಿದ್ರು. ನಾ ಪಾದದ ಹಂತ್ಯಾಕೇ ಅರ್ಧಾ ತಾಸು ನಿಂತೆ. ಬಿಟ್ಟು ಬರಾಕ ಮನಸೇ ಆಗಲಿಲ್ಲ.

ಆಯಿ: ಅರ್ಧಾ ತಾಸು ನಿಂತಿ. ಉಳದವರು ಹತ್ತು ನಿಮಿಷಕ್ಕ ಹೋದ್ರು.

ಹುಡುಗಿ ನಾಲಿಗೆ ಕಚ್ಚಿಕೊಂಡಳು.

ಆಯಿ: ತಪ್ಪಿಸ್ಕೊಂಡಿದ್ದಿ ಅನ್ನು.

ವಿಶಾಖಾ: ಮೆಲ್ಲಗ ಆಯಿ, ಅಪ್ಪ ಬಂದಾರು. ಗೈಡ್ ಒಬ್ಬಾಂವ ಹಳದಿ ಛತ್ರಿ ಎತ್ತಿ ಹಿಡೀತಿದ್ದ. ಅದರ ಹಿಂದೇ ನಡೀರಿ ಅಂದಿದ್ರು. ಹೊರಗ ಬಂದೆ, ಹಳದಿ ಛತ್ರಿ ಕಂಡ್ತು, ಹಿಂದೇ ಹೋಗಿ ದೋಣಿ ಹತ್ತಿದೆ. ಕುಂತು ನೋಡ್ತೀನಿ, ಸುತ್ತೆಲ್ಲಾ ಚೀನಾದ ಮುದುಕರು.

ಆಯಿ: ಅವರ ಮುಕಾದಮ ಗಿನತಿ ಮಾಡಲಿಲ್ಲೇನು?

ವಿಶಾಖಾ: ಮಾಡಿದ. ಬರೋಬರ್ ಬಂತು.

ಆಯಿ: ನೀ ಒಬ್ಬಾಕಿ ಹೆಚ್ಚಿಗಿ ಇದ್ದಿ. ಬರೋಬರ್ ಹ್ಯಾಂಗ ಬಂತು?

ವಿಶಾಖಾ: ಅವರ ಪೈಕಿನೂ ಒಬ್ಬ ಮುದುಕಿ ತಪ್ಪಿಸ್ಕೊಂಡಿದ್ದಳು.

ಆಯಿ: ಆಕಿ ಎಲ್ಲಿದ್ದಳು?

ವಿಶಾಖಾ: ನಮ್ಮ ಬಸ್ಸಿನಾಗ. ನನ್ನ ಜಾಗಾದಾಗ ಕುಂತಿದ್ದಳಂತ. ಆಕಿ ಟೊಪ್ಪಗಿನೂ ಕೆಂಪಂತ. ಅದಕ ನಮ್ಮ ಸರ್ ಗಿನತಿನೂ ಬರೋಬರ್. ನಾಲ್ಕಕ್ಕ ಹೆಸರು ಕರದಾಗ ವಿಶಾಖಾ ಅಂದ್ರ ಆಕಿ ಕೈ ಎತ್ತಲಿಲ್ಲ, ಆವಾಗ ಗೊತ್ತಾಯ್ತು.

ಅನುಸೂಯಾಬಾಯಿ ನಕ್ಕ ರಭಸಕ್ಕೆ ಮುಂದಿದ್ದ ಕೊಡ ಉರುಳಿತು. ಅದನ್ನು ಎತ್ತಿ ಮತ್ತೆ ಸಾಲಿಗಿಟ್ಟಳು.

ಆಯಿ: ಅತ್ತಿ?

ವಿಶಾಖಾ: ಜರಾ ಅತ್ತೆ. ಫೋನ್‌ನಾಗ ಅಲ್ಲಿ ಸಿಮ್ ಇದ್ದಿಲ್ಲ. ಬಾಜೂಕಿನ ಮುದುಕಿ ಹಣ್ಣು ಸುಲದು ಕೊಟ್ಟಳು. ನಾ ಸಾಕು ಸಾಕು ಅಂದಷ್ಟೂ ಕೊಟ್ಟಳು. ಹಣ್ಣು ಮುಗದ ಮ್ಯಾಲ ಅಳು ನಿಂತಿತು. ಹೊಟೇಲಿನ ಫೋಟೋ ಸಿಕ್ಕವರಿಗೆಲ್ಲಾ ತೋರಿಸಿ, ಮತ್ತೊಂದು ದೋಣಿ, ಎರಡು ಬಸ್ ಬದಲಿ ಮಾಡಿ, ಐದಕ್ಕ ಹೊಟೇಲಿಗಿ ಮುಟ್ಟಿದೆ. ಆಮ್ಯಾಲ ಸರ್ ಅಳಕೋತ ಬಂದ್ರು. ಅವರಿಗಿ ನಾನೇ ನೀರು ಕೊಟ್ಟೆ.

ಆಯಿ: ಅಪ್ಪಗ ಹೇಳಿಯೇನು?

ವಿಶಾಖಾ: ಹೇಳಿದ್ರ ಸಹಿ ಹಾಕ್ತಾರೇನು? ನನ್ನ ಓದು ಇಲ್ಲಿಗೇ ಮುಗೀತದ. ನಿನ್ನ ಕಾಲು ಹಿಡೀತೀನಿ ಆಯಿ, ಹೇಳಬ್ಯಾಡ.

ಆಯಿ: ನಾ ಯಾಕ ಹೇಳಲಿ?

ಅಷ್ಟರಲ್ಲಿ ಮಚ್ಛೇಂದ್ರ ಬೆವರು ಒರೆಸುತ್ತಾ ಬಂದ.

ಮಚ್ಛೇಂದ್ರ: ಟ್ಯಾಂಕರ್ ಎರಡು ಓಣಿ ಆಚಿ ನಿಂತದ. ಇನ್ನಾ ಹೊತ್ತದ. ತಾ ಆ ಕಾಗದ. ಖರೇ ಹೇಳು ವಿಶಾ, ಗುಂಪು ಬಿಟ್ಟಿಲ್ಲಲ್ಲ?

ವಿಶಾಖಾ: ಅದು ಏನಂದ್ರ ಅಪ್ಪಾ...

ಆಯಿ: ಬಿಟ್ಟಿದ್ದಳು. ಮೂರು ತಾಸು.



ವಿಶಾಖಾ: ಆಯಿ, ನಿನ್ನ ನಂಬಿದ್ದೆ ನಾ.

ಮಚ್ಛೇಂದ್ರ: ನೋಡಿದ್ಯಾ ಅವ್ವಾ? ಇದಕ್ಕೇ ನಾ ಬ್ಯಾಡ ಅಂತಿದ್ದೆ. ನಾಳಿ ಪುಣೆದಾಗ ಕಳದುಹೋದ್ರ?

ಆಯಿ: ತಿರುಗಿ ಬರ್ತಾಳ. ಮಾತು ಗೊತ್ತಿಲ್ಲದ ಊರಾಗ ಎರಡು ಬಸ್, ಒಂದು ದೋಣಿ ಹಿಡದು ಒಬ್ಬಾಕಿನೇ ಬಂದಾಳ. ಇಡೀ ದಿನ ಸಾಲಿನಾಗೇ ನಡದು ಬಂದಿದ್ರ ನಂಗೂ ಅಂಜಿಕಿ ಇರ್ತಿತ್ತು. ಎಪ್ಪತ್ತೆರಡರಾಗ ಪುಣೆ ಟೇಶನ್‌ದಾಗ ನೀನೂ ಕಳದುಹೋಗಿದ್ದಿ, ನೆನಪದ ಏನು?

ಮಚ್ಛೇಂದ್ರ: ಅದು ಈಗ ಯಾಕ ಅವ್ವಾ.

ಆಯಿ: ಇವನ್ನ ಗಂಟಿನ ಮ್ಯಾಲ ಕುಂಡ್ರಿಸಿ ನೀರು ತರಾಕ ಹೋಗಿದ್ದೆ ವಿಶಾ. ತಿರುಗಿ ಬರೋದ್ರಾಗ ಅದೇ ಗಂಟಿನ ಮ್ಯಾಲೇ ಕುಂತು, ನಾ ಕಳದುಹೋಗೀನಿ ಅಂತ ಹೊಯ್ಕೊಳ್ಳಾಕತ್ತಿದ್ದ.

ಮಚ್ಛೇಂದ್ರ: ಐದು ವರ್ಷದಾಂವ ಇದ್ದೆ ನಾ.

ಆಯಿ: ಆವಾಗ ನಾವು ಹೊಟ್ಟಿಗಿಲ್ಲದ ಪುಣೆಕ ಹೋಗಿದ್ವಿ. ಇವತ್ತ ನಮ್ಮ ಮನಿ ಹುಡುಗಿ ಓದಾಕ ಹೊಂಟಾಳ. ನಂಗ ಎಷ್ಟು ಸಂತೋಷ ಆಗ್ಯದ, ನಿಂಗ ಹ್ಯಾಂಗ ಹೇಳಲಿ? ಹಾಕು ಸಹಿ.

ಮಚ್ಛೇಂದ್ರ ಅರ್ಜಿಯನ್ನು ಎರಡು ಸಲ ಓದಿದ. ಮಗಳ ಕಡೆ ನೋಡಿದ, ತಾಯಿಯ ಕಡೆ ನೋಡಲಿಲ್ಲ. ಕೊಡವನ್ನು ಮಗುಚಿ, ಅದರ ತಳದ ಮೇಲೆ ಕಾಗದ ಇಟ್ಟು ಸಹಿ ಹಾಕಿದ.

ಮಚ್ಛೇಂದ್ರ: ಹಾಕೀನಿ. ಆದ್ರ ಒಬ್ಬಾಕಿನೇ ಕಳಸಂಗಿಲ್ಲ. ಬಿಟ್ಟು ಬರಾಕ ನಾನೇ ಪುಣೆತನಕ ಬರ್ತೀನಿ.

ಆಯಿ: ಬರಲಿ ಬಿಡು ವಿಶಾ. ಹಾಸ್ಟೆಲ್‌ದಾಗ ನಿನ್ನ ಸಾಮಾನು ಇಟ್ಟ ಮ್ಯಾಲ ಇವನ್ನ ಬೀದರ್ ಬಸ್ಸಿನಾಗ ಕುಂಡ್ರಿಸು. ಕಂಡಕ್ಟರ್‌ಗ ಹೇಳಿ ಕಳಸು.