ಲಾಗಿನ್ ಕೆಟ್ಟೈತಿ, ಲಗೂನ ಬರ್ರಿ

ಕಂಪ್ಯೂಟರ್ ತಾನಾಗಿ ತಪ್ಪು ಮಾಡುವುದಿಲ್ಲ ಅಂತಾರೆ. ನಿಜ, ನಮ್ಮ ಕಡೆ ಅದಕ್ಕೆ ಮಾಡಲು ಯಾರೂ ಒಂದು ತಪ್ಪನ್ನೂ ಉಳಿಸಿರಲಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನಾನೊಂದು ಬಿತ್ತನೆ ಬೀಜದ ಸಂಘದ ಕಂಪ್ಯೂಟರ್ ರಿಪೇರಿಯವನು. ದೊಡ್ಡ ಕಂಪ್ಯೂಟರ್ ಕೂಡ್ಲಿಗಿಯಲ್ಲಿ, ಶಾಖೆಗಳು ಸುತ್ತಲಿನ ಊರುಗಳಲ್ಲಿ. ಗುಮಾಸ್ತರ ಹೆಸರು, ಪಾಸ್‌ವರ್ಡ್ ತಾಳೆಯಾಗದಿದ್ದರೆ ರೈತರ ಚೀಟಿ ಬರದು, ಚೀಟಿ ಇಲ್ಲದೆ ಬೀಜ ಸಿಗದು. ಮಳೆ ಬಿದ್ದ ಹೊಲದ ಹದ ಆರುವುದರೊಳಗೆ ನಾನು ಲಾಗಿನ್ನಿನ ಸೆಟ್ಟಿಂಗನ್ನು ಸಾಲುಸಾಲಾಗಿ ನೋಡಿ ತಪ್ಪು ಹಿಡಿಯಬೇಕು.

೧. ಕೊಟ್ಟೂರು

ಅಲ್ಲಿ ನಾಲ್ವರು ಗುಮಾಸ್ತರು. ಯಾವಾಗ ನೋಡಿದರೂ ಒಬ್ಬನಿಗೆ ಲಾಗಿನ್ ಆಗುತ್ತಿತ್ತು, ಮೂವರಿಗೆ ಇಲ್ಲ. ಸೆಟ್ಟಿಂಗ್ ತೆಗೆದರೆ ಒಂದೇ ಹೆಸರಿತ್ತು.

"ಕೊಟ್ರೇಶ ಯಾರ್ರಿ?" ಅಂದೆ. ನಾಲ್ವರೂ ಎದ್ದು ನಿಂತರು.

ಮರೆತವನು ಮರೆತಾಗ ಕೂಡ್ಲಿಗಿಗೆ ಫೋನ್ ಮಾಡಿ, "ಕೊಟ್ರೇಶ ಮಾತಾಡೋದು, ಹೊಸಾ ಪಾಸ್‌ವರ್ಡ್ ಕೊಡ್ರಿ" ಅನ್ನುತ್ತಿದ್ದ. ಕೊಡುತ್ತಿದ್ದ ಜಾಣ ನಾನೇ; ಅಲ್ಲಿಗೆ ಉಳಿದ ಮೂವರ ಹಳೆಯ ಪಾಸ್‌ವರ್ಡ್ ರದ್ದು. ಹೆಸರಿನ ಮುಂದೆ ಒಂದರಿಂದ ನಾಲ್ಕು ನಂಬರ್ ಹಾಕಿ ಎದ್ದೆ. ಮ್ಯಾನೇಜರು ಬಾಗಿಲಿಗೆ ಬಂದು ಕೈ ಹಿಡಿದುಕೊಂಡರು. "ನನಗ ಐದು ಹಾಕಿ ಹೋಗ್ರಿ."

೨. ಹಗರಿಬೊಮ್ಮನಹಳ್ಳಿ

ಇಲ್ಲಿ ಅಮಾವಾಸ್ಯೆಯ ಪೂಜೆಯಾದ ಮೇಲೆ ಲಾಗಿನ್ನೇ ಬಂದ್. ಸೆಟ್ಟಿಂಗ್ ಫೈಲಿನ ನೆತ್ತಿಯ ಮೇಲೆ "ಶ್ರೀ" ಅಂತ ಟೈಪ್ ಮಾಡಿತ್ತು!

"ಇದ್ಯಾರು ಬರದದ್ದು?"

"ನಾನ ರೀ" ಅಂದರು ಹಿರಿಯ ಗುಮಾಸ್ತರು. "ಶ್ರೀ ಇಲ್ದ ಯಾವ ಬರವಣಿಗಿನೂ ಶುರು ಮಾಡಬಾರ್ದು. ಅಳಿಸಬ್ಯಾಡ್ರಿ ಮತ್ತ."

ಹೊರಗೆ ರೈತರು ಚಡಪಡಿಸುತ್ತಿದ್ದರು. ಆ ಸಾಲಿನ ಮುಂದೊಂದು ಗುರುತು ಹಾಕಿ, "ಇದಿದ್ರ ಕಂಪ್ಯೂಟರ್ ಈ ಸಾಲು ಓದಂಗಿಲ್ಲ, ಮುಂದಕ್ಕೆ ಹೋಗ್ತೈತಿ" ಅಂದೆ.

ಅವರು ಕೈಮುಗಿದರು. "ಆಗ್ಲಿ ಬಿಡ್ರಿ. ಓದಬೇಕಾದಾವ ಓದ್ತಾನ."

೩. ಹಡಗಲಿ

ಆ ಶಾಖೆಯನ್ನು ಒಬ್ಬ ಹೆಣ್ಣುಮಗಳೇ ನಡೆಸುತ್ತಿದ್ದಳು. ಬಲು ಚುರುಕು. ಹಿಂದಿನ ದಿನ ಹದ ಮಳೆಯಾಗಿ ಬಾಗಿಲ ಮುಂದೆ ರೈತರ ಉದ್ದ ಸಾಲು ನಿಂತಿತ್ತು, ಲಾಗಿನ್ ಮಾತ್ರ ಆಗುತ್ತಿಲ್ಲ. ಅವಳ ಪಾಸ್‌ವರ್ಡಿಗೂ ಕೂಡ್ಲಿಗಿಯಲ್ಲಿ ನನ್ನ ಕಡೆ ಇದ್ದದ್ದಕ್ಕೂ ತಾಳೆಯಿಲ್ಲ. ಕೊಟ್ಟೂರಿನ ಪಾಠದ ಮೇಲೆ ಫೋನಿನಲ್ಲಿ ಹೊಸದು ಕೊಡುವುದನ್ನು ಬಿಟ್ಟಿದ್ದೆ, ಇದ್ದದ್ದನ್ನೇ ಫೋನಿನಲ್ಲಿ ಕೇಳಿದೆ.

"ಪಾಸ್‌ವರ್ಡ್ ಹೇಳವ್ವ, ಇಲ್ಲಿ ಸರಿ ಮಾಡ್ತೀನಿ."

"ಹೇಳಾಕ ಬರಂಗಿಲ್ರಿ. ನಮ್ಮ ಮನಿಯವ್ರ ಹೆಸರು ಇಟ್ಟೀನಿ."

"ಒಂದೊಂದ ಅಕ್ಷರ ಹೇಳು."

"ಕೂಡಿಸಿದ್ರ ಹೆಸರ ಆಗ್ತೈತಲ್ರಿ!"

"ಹೋಗ್ಲಿ, ಬ್ಯಾರೆಯವ್ರ ಕೈಲಿ ಹೇಳಿಸು."

"ಪಾಸ್‌ವರ್ಡ್ ಯಾರಿಗೂ ಹೇಳಬಾರ್ದು ಅಂತ ನೀವ ಹೇಳೀರಿ."

ಅಷ್ಟರಲ್ಲಿ ಸಾಲಿನಲ್ಲಿದ್ದ ಮುದುಕಿಯೊಬ್ಬಳ ದನಿ ಫೋನಿನಲ್ಲಿ ಕೇಳಿತು: "ಒಡಪು ಹಾಕಿ ಹೇಳ, ನಮ್ಮವ್ವ. ಹೊಲ ಆರಾಕತ್ತೈತಿ!" ಮದುವೆಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುತ್ತಾರಲ್ಲ, ಅದು. ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಹಡಗಲಿ ಮಲ್ಲಿಗಿ ಮುಡದೀನಿ ಜಡಿಯಾಗ, ಬಸವರಾಜರ ಹೆಸರ ಇಟ್ಟೀನಿ ಕಂಪ್ಯೂಟರಿನ ಒಡಲಾಗ!"

ಸಾಲಿಗೆ ಸಾಲೇ ಚಪ್ಪಾಳೆ ಹೊಡೆಯಿತು. ನಾನು ಟೈಪ್ ಮಾಡಿದೆ, ಲಾಗಿನ್ ಆಯಿತು. ಸಂಜೆಯೊಳಗೆ ಅಷ್ಟೂ ಜನಕ್ಕೆ ಬೀಜ ಸಿಕ್ಕಿತು. ಆ ದಿನದಷ್ಟು ಖುಷಿ ಆ ಕೆಲಸದಲ್ಲಿ ನನಗೆ ಮತ್ತೆ ಆಗಲಿಲ್ಲ.

ಊರಿಗೆಲ್ಲ ಗೊತ್ತಾದ ಪಾಸ್‌ವರ್ಡ್ ಇಟ್ಟುಕೊಳ್ಳಬಾರದು, ಬದಲಿಸು ಅಂದಿದ್ದೆ. ಮರುದಿನ ಅವಳೇ ಫೋನ್ ಮಾಡಿದಳು.

"ಬದಲಿ ಮಾಡೀನ್ರಿ. ಈ ಸಲ ನಮ್ಮ ಮಾವನವ್ರ ಹೆಸರು. ಅದನ್ನ ಹೇಳಾಕ ಒಡಪೂ ಇಲ್ಲ ನೋಡ್ರಿ!"