ದುಡಿದ ಬೆನ್ನಿನ ಸವಾರಿ

ಉಮರ್ಗಾದಿಂದ ಉದಗೀರಕ್ಕೆ ಹೋಗಲು ದೊಡ್ಡ ರಸ್ತೆ ಇದೆ. ಅದರಲ್ಲಿ ಯಾರು ಬೇಕಾದರೂ ಹೋಗುತ್ತಾರೆ. ನಾನು ಹಾಗೆ ಹೋಗುವ ಮನುಷ್ಯನಲ್ಲ. ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಬಾವಿ ಬೋರುಗಳಲ್ಲಿ ಸುಟ್ಟ ಮೋಟರುಗಳನ್ನೆಲ್ಲ ಹೊತ್ತು ತಂದವನು ನಾನು. ಯಾವ ಬದುವಿನ ಮೇಲೆ ಗಾಡಿ ಹೋಗುತ್ತದೆ, ಯಾವುದರ ಮೇಲೆ ಬೀಳುತ್ತದೆ ಎಂಬುದು ನನಗೆ ಗೊತ್ತು. ಏಳನೇ ತರಗತಿಗೇ ಶಾಲೆ ಬಿಟ್ಟೆ, ನಿಜ. ಆದರೆ ಇಂದಿನವರೆಗೂ ದಾರಿ ಕೇಳಲು ಯಾರ ಮುಂದೆಯೂ ಗಾಡಿ ನಿಲ್ಲಿಸಿದವನಲ್ಲ!

ಹೀಗಾಗಿ, ಚಳಿಗಾಲದ ಒಂದು ಭಾನುವಾರ ಗೆಳೆಯರು ಉದಗೀರದ ಕೋಟೆ ನೋಡಿ ಬರೋಣ ಎಂದಾಗ ನಾಯಕತ್ವವನ್ನು ನಾನೇ ವಹಿಸಿಕೊಂಡೆ. ಗೆಳೆಯರೆಂದರೆ ಇಬ್ಬರು. ಕುರಿ ಸಾಕುವ ಮನೆತನದ ಬೀರಣ್ಣ, ಬೀರಪ್ಪನ ಭಕ್ತ. ಮಾತು ಕಡಿಮೆ, ಆಡಿದರೆ ಒಂದು ವಾರ ನೆನಪಿರುವಂತೆ ಆಡುತ್ತಾನೆ. ಇನ್ನೊಬ್ಬ ಟೇಲರ್ ದತ್ತು. ಮನೆಮಾತು ಮರಾಠಿಯಾದರೂ ನಮ್ಮ ಜೊತೆ ಕನ್ನಡವನ್ನು ಅಳತೆ ತಪ್ಪದಂತೆ ಹೊಲಿಯುತ್ತಾನೆ. ದತ್ತು ತನ್ನ ಗಾಡಿಯಲ್ಲಿ, ಬೀರಣ್ಣ ನನ್ನ ಹಿಂದೆ ಎಂದು ತೀರ್ಮಾನವಾಯಿತು.

ಬೆಳಿಗ್ಗೆ ಸ್ನಾನ, ಪೂಜೆ ಮುಗಿಸುವಷ್ಟರಲ್ಲಿ ಹೊರಗೆ ಹಾರ್ನ್ ಶುರುವಾಗಿತ್ತು. ನನ್ನ ಸ್ವೆಟರು ಮದುವೆಯ ಕಾಲದ್ದು. ಆಮೇಲೆ ನಾನು ಬೆಳೆದೆ, ಅದು ಬೆಳೆಯಲಿಲ್ಲ. ತಲೆಯ ಮೇಲಿಂದ ಎಳೆದುಕೊಂಡರೆ ಹೆಗಲ ಹತ್ತಿರ ನಿಂತುಬಿಟ್ಟಿತು. ಹೆಂಡತಿ ಮಹಾದೇವಿ ಸಾವಕಾಶ ಹಾಕಿಕೊಳ್ಳಿ ಎನ್ನುತ್ತಿದ್ದಳು. ನಾನು ಒಳಗೇ ಕುಸ್ತಿ ಹಿಡಿದು, ಜಗ್ಗಿ, ಅಲುಗಾಡಿ ಕೊನೆಗೆ ಗೆದ್ದೆ. ಅದರ ಮೇಲೆ ಜಾಕೀಟು, ಕೊರಳಿಗೆ ಎರಡು ಸುತ್ತು ಮಫ್ಲರು, ತಲೆಗೆ ಹೆಲ್ಮೆಟ್.

ಹೊರಗೆ ಬಂದರೆ ದತ್ತು ಗಾಡಿಯ ಕೀಲಿ ಹುಡುಕುತ್ತಿದ್ದ. ಅದು ಅವನ ಕೈಯಲ್ಲೇ ಇತ್ತು. ತನ್ನ ವಸ್ತು ತಾನು ಕಾಯದವನು ಮನುಷ್ಯನೇ ಅಲ್ಲ ಎಂದು ಅವನಿಗೆ ಒಂದು ಸಣ್ಣ ಪ್ರವಚನ ಕೊಟ್ಟು ಗಾಡಿ ಬಿಟ್ಟೆ.

ಮಂಜು ಇತ್ತು. ಎರಡೂ ಕಡೆ ತೊಗರಿ, ನಡುವೆ ಎತ್ತಿನ ಬಂಡಿಯ ಜಾಡು. ಪ್ರತಿ ಗುಂಡಿಗೂ ಬೀರಣ್ಣ ಹಿಂದೆ ಮುಲುಗುತ್ತಿದ್ದ.

"ಏ, ನಿನ್ನ ಬೆನ್ನಿಗಿ ಏನೋ ಗಟ್ಟಿ ಅದ. ಗಾಡಿ ಜಿಗದಾಗೆಲ್ಲ ನನ್ನ ಎದಿಗಿ ಬಡೀಲತದ."

"ದುಡದ ಬೆನ್ನು ಅದು," ಎಂದೆ. "ಕಟ್ಟಿ ಮ್ಯಾಲ ಕುಂತು ಮಾತಾಡೋರಿಗಿ ತಿಳ್ಯಂಗಿಲ್ಲ."

ನಾನು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದೆ.

ನನಗೆ ಗೊತ್ತಿದ್ದ ಒಂದು ದಾರಿ ಯಾರದೋ ದನದ ಕೊಟ್ಟಿಗೆಯಲ್ಲಿ ಮುಗಿಯಿತು. ಹೋದ ವರ್ಷ ಅಲ್ಲಿ ಕೊಟ್ಟಿಗೆ ಇರಲಿಲ್ಲ ಎಂದು ವಿವರಿಸಿ, ಗಾಡಿ ತಿರುಗಿಸಿ, ಕಡಲೆ ಹೊಲದ ಬದು ಹಿಡಿದು ಅಂತೂ ಕಾಸಾರಶಿರಸಿ ಮುಟ್ಟಿದೆವು. ಹೋಟೆಲಿನವನು ಚಹಾ ಕೊಟ್ಟ. ಮೊದಲ ಗುಟುಕಿಗೆ ಮುನ್ನ, ರೂಢಿಯಂತೆ ಕಣ್ಣು ಮುಚ್ಚಿ ಎದೆ ಮುಟ್ಟಿಕೊಂಡೆ.

ಎದೆಯ ಮೇಲೆ ಲಿಂಗ ಇರಲಿಲ್ಲ.

ಜಾಕೀಟು ತೆರೆದು ಮತ್ತೆ ಮುಟ್ಟಿದೆ. ಸ್ವೆಟರಿನ ಕೆಳಗೆ ಹೊಟ್ಟೆಯ ತನಕ ತಡವಿದೆ. ಹೊಟ್ಟೆ ಬೇಕಾದಷ್ಟಿತ್ತು, ಲಿಂಗ ಇರಲಿಲ್ಲ.

ನಾನು ದೊಡ್ಡ ಭಕ್ತನೇನಲ್ಲ. ಪೂಜೆಯ ನಡುವೆ ಸುಟ್ಟ ಮೋಟರುಗಳು ನೆನಪಾಗುತ್ತವೆ. ಆದರೆ ಆ ಲಿಂಗ ನಾನು ತೊಟ್ಟಿಲಲ್ಲಿದ್ದಾಗ ಮಠದ ಅಪ್ಪಗಳು ಕಟ್ಟಿದ್ದು. ಅದನ್ನಿಡುವ ಬೆಳ್ಳಿ ಕರಡಿಗೆ ನಮ್ಮವ್ವ ತನ್ನ ಕಾಲ್ಗಡಗ ಕರಗಿಸಿ ಮಾಡಿಸಿದ್ದು. ಲಿಂಗ ಮೈಮೇಲೆ ಇಲ್ಲದೆ ಬಾಯಿಗೆ ನೀರು ಹಾಕಬಾರದು ಎಂದು ಸಾಯುವ ತನಕ ಹೇಳಿದಳು. ಅದೊಂದನ್ನು ನಾನು ಎಂದೂ ತಪ್ಪಿಲ್ಲ. ಚಹಾದ ಲೋಟ ಕೆಳಗಿಟ್ಟೆ.

ನಿಜ ಹೇಳಬೇಕಿತ್ತು. ಆದರೆ ಎದುರಿಗೆ ಕೂತಿದ್ದವನು ದತ್ತು, ಅವನಿಗೆ ಕೊಟ್ಟ ಪ್ರವಚನ ಇನ್ನೂ ಬಿಸಿಯಾಗಿತ್ತು.

"ದಾರ್ಯಾಗ ನನ್ನ ಟೆಸ್ಟರ್ ಬಿದ್ದದ," ಎಂದೆ.

ವಾಯರಿನಲ್ಲಿ ಕರೆಂಟು ನೋಡುವ ಆ ಗೇಣುದ್ದದ ಸ್ಕ್ರೂಡ್ರೈವರಿಗಾಗಿ ಚಹಾ ಬಿಡುತ್ತೀಯಾ ಎಂದು ಇಬ್ಬರೂ ಕೇಳಿದರು. ಅಪ್ಪನ ಕಾಲದ್ದು ಎಂದೆ. ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಗೆ ಕರೆಂಟೇ ಇರಲಿಲ್ಲ.

ಬಂದ ದಾರಿಯಲ್ಲೇ ಹುಡುಕುತ್ತ ಹೊರಟೆವು. ಬೀರಣ್ಣ ಇಳಿದು ಮುಂದೆ ನಡೆದ, ನಾವು ಗಾಡಿಗಳನ್ನು ಅವನ ಹಿಂದೆ ತೆವಳಿಸಿದೆವು. ಕಡಲೆ ಹೊಲದ ಹತ್ತಿರ ಬೆಳಿಗ್ಗೆ ಗಾಡಿ ಜೋರಾಗಿ ಜಿಗಿದದ್ದು ನೆನಪಾಗಿ ನಾನು ಮೊಣಕಾಲೂರಿ ಹುಡುಕತೊಡಗಿದೆ. ಹಾಲಿನ ಕ್ಯಾನಿನವನೊಬ್ಬ ನಿಂತು "ಕಾಯ್ ಹರವಲಂ, ಭಾವು?" ಎಂದ. ಏನು ಕಳೆಯಿತು ಎನ್ನುವ ಪ್ರಶ್ನೆಗೆ ದತ್ತು ಪ್ರಾಮಾಣಿಕವಾಗಿ ಟೆಸ್ಟರ್ ಎಂದು ಹೇಳಿದ. ಹಾಲಿನವನು ನಕ್ಕ. ಜಾಕೀಟು ಹಾಕಿದ ಮೂವರು ಗಂಡಸರು ಮಣ್ಣಲ್ಲಿ ಬಿದ್ದು ಟೆಸ್ಟರ್ ಹುಡುಕುತ್ತಾರೆಯೇ? ಬಂಗಾರದ ಸರವೇ ಇರಬೇಕು ಎಂದು ಅವನೂ ಇಳಿದ. ಕಬ್ಬು ಕಡಿಯಲು ಹೊರಟಿದ್ದವರು ಇಳಿದರು. ಸ್ವಲ್ಪ ಹೊತ್ತಿನಲ್ಲಿ ಅರ್ಧ ಊರು ಬಗ್ಗಿ ನಿಂತಿತ್ತು. ಯಾರಿಗಾದರೂ ಸಿಕ್ಕು, ಬೆಳ್ಳಿ ಎಂದು ಸುಮ್ಮನೆ ಜೇಬಿಗಿಳಿಸಿದರೆ? ನಾನು ನೆಲ ನೋಡುವುದನ್ನು ಬಿಟ್ಟು ಜನರ ಕೈ ನೋಡತೊಡಗಿದೆ.

ಹೊಲದ ಯಜಮಾನ ಓಡಿ ಬಂದ. ಅವನ ಕಡಲೆ ಅಂಗಳದಂತೆ ಸಪಾಟಾಗುತ್ತಿತ್ತು. ಸಂಗತಿ ಕೇಳಿದವನೇ ಮೋಟರಿನ ಡಬ್ಬಿಯ ಕಡೆ ಹೋಗಿ, ತನ್ನ ಟೆಸ್ಟರನ್ನು ತಂದು ನನ್ನ ಕೈಯಲ್ಲಿಟ್ಟ.

"ಇದನ್ನ ಒಯ್ಯಿರಿ ಮಾಲಕ. ಕೈ ಮುಗೀತೀನಿ, ಕಡಲಿ ತುಳೀಬ್ಯಾಡ್ರಿ."

ಟೆಸ್ಟರ್ ಸಿಕ್ಕಿತು! ಜನ ಬೇಸರದಿಂದ ಚದುರಿದರು. ದತ್ತು ಇನ್ನು ನಾಷ್ಟಾ ಮಾಡೋಣ ಎಂದ. ಸುಳ್ಳು ಹೇಳಿ ಹುಡುಕಿದ್ದು ಸಿಕ್ಕಮೇಲೆ ನಿಜವಾಗಿ ಕಳೆದದ್ದನ್ನು ಹುಡುಕಲು ನನಗೆ ನೆಪವೇ ಉಳಿಯಲಿಲ್ಲ. ಬದುವಿನ ಮೇಲೆ ಕುಸಿದೆ.

"ಟೆಸ್ಟರ್ ಅಲ್ಲೋ. ಲಿಂಗ ಕಳದೀನಿ."

ದತ್ತು ಪ್ರವಚನ ತಿರುಗಿಸಿ ಕೊಡುತ್ತಾನೆ ಎಂದುಕೊಂಡಿದ್ದೆ. ಅವನು ತೆರೆದಿದ್ದ ಬಿಸ್ಕೀಟಿನ ಪುಡಿಕೆಯನ್ನು ಮಡಚಿ ಜೇಬಿಗಿಟ್ಟ. ಬೀರಣ್ಣ ತೆರೆದ ನೀರಿನ ಬಾಟಲಿಗೆ ಮತ್ತೆ ಮುಚ್ಚಳ ಬಿಗಿದ.

"ಸಿಗೋ ತನಾ ನಮಗೂ ಏನೂ ಬ್ಯಾಡ," ಎಂದ.

ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಮೂವರೂ ಉಪವಾಸ, ಗಾಡಿಗಳನ್ನು ತಳ್ಳುತ್ತ, ಪ್ರತಿ ಗುಂಡಿ, ಪ್ರತಿ ಹುಲ್ಲು ನೋಡುತ್ತ ಬಂದೆವು. ಕೊಟ್ಟಿಗೆಯ ಸಗಣಿಯನ್ನೂ ನೋಡಿದೆವು. ಬಿಸಿಲು ಏರಿತು, ನಾಲಿಗೆ ಅಂಗುಳಿಗೆ ಅಂಟಿತು. ಜಾಕೀಟು ಬಿಚ್ಚು ಎಂದರೆ ನನಗೆ ಇನ್ನೂ ಚಳಿ. ಊರು ಹತ್ತಿರವಾದಂತೆ ಅವ್ವನ ಮುಖ ಎದುರು ಬರುತ್ತಿತ್ತು.

ಬಾಗಿಲಲ್ಲಿ ಮಹಾದೇವಿ, ಉದಗೀರ ಇಷ್ಟು ಲಗೂ ಮುಗಿಯಿತೇ ಎಂದು ನಗುತ್ತ ಕೇಳಿದಳು. ಹೇಳಿದೆ. ಅವಳ ನಗು ಹೋಯಿತು. ಬೈಯಲಿಲ್ಲ. ತಗ್ಗಿದ ನನ್ನ ತಲೆ ನೋಡಿ ಹತ್ತಿರ ಬಂದು, ಗೆಳೆಯರೆದುರು ಎಂದೂ ಮಾಡದ ಕೆಲಸ ಮಾಡಿದಳು. ಬೆನ್ನ ಮೇಲೆ ಕೈಯಾಡಿಸಿದಳು.

"ಹೋಗಲಿ ಬಿಡ್ರಿ. ಮಠಕ್ಕ ಹೋಗಿ ಅಪ್ಪಗೋಳಿಗಿ ಕೇಳಮು..."

ಕೈ ನಿಂತಿತು.

"ರೀ, ಬೆನ್ನ ಮ್ಯಾಲ ಇದು ಏನದರಿ?"

ನಾನು ಬಾಯಿ ತೆರೆಯುವ ಮುನ್ನ ಬೀರಣ್ಣ ಹೇಳಿದ:

"ಅದಾ ವೈನಿ? ಅದು ದುಡದ ಬೆನ್ನು."

ಸ್ವೆಟರನ್ನು ಮೂವರೂ ಸೇರಿ ಎಳೆದರು. ಕುಸ್ತಿಯಲ್ಲಿ ನಾನು ಗೆದ್ದಾಗ ಹಿಂದಕ್ಕೆ ಜಾರಿ, ಎರಡು ಹೆಗಲ ನಡುವೆ ಗಟ್ಟಿಯಾಗಿ ಕೂತಿದ್ದ ಕರಡಿಗೆ ದಾರದ ಸಮೇತ ಎದೆಗೆ ಬಂತು. ಮೋಟರ್ ತರುವ ರೈತರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ವಾಯರ್ ನೋಡ್ರಿ. ನನ್ನ ಕೊರಳಿನ ದಾರವನ್ನು, ಮಫ್ಲರಿನೊಳಗೆ ಒಂದು ಬೆರಳು ಹಾಕಿ, ನಾನು ನೋಡಲಿಲ್ಲ!

ಮತ್ತೆ ಸ್ನಾನ, ಮತ್ತೆ ಪೂಜೆ. ಆಮೇಲೆ ಕುಡಿದ ಆ ನೀರಿನ ರುಚಿ ಬರೆಯಲು ನನಗೆ ಬರುವುದಿಲ್ಲ. ಗೆಳೆಯರು ಮಹಾದೇವಿ ಮಾಡಿದ ಚುರುಮುರಿಯ ಸುಸಲಾ ಮೂರು ಮೂರು ತಟ್ಟೆ ತಿಂದರು. ಕೆಲಸ ಬಿಟ್ಟು ಹೋಗಿ ಕಡಲೆಯವನ ಟೆಸ್ಟರನ್ನು ಮರುದಿನ ಕೊಟ್ಟು ಬಂದೆ. ಈ ಸಲ ದೊಡ್ಡ ರಸ್ತೆಯಲ್ಲೇ ಹೋದೆ.

ಉದಗೀರದ ಕೋಟೆ ಇನ್ನೂ ನೋಡಿಲ್ಲ. ಆದರೆ ಈಗ ನಾನು ಎಲ್ಲಿಗೇ ಹೊರಟರೂ, ಗಾಡಿ ಶುರು ಮಾಡುವ ಮುನ್ನ ಬೀರಣ್ಣ ಹಿಂದಿನಿಂದ ನನ್ನ ಬೆನ್ನು ತಟ್ಟಿ ನೋಡುತ್ತಾನೆ. ರಸ್ತೆಯಲ್ಲಿ ಹೋಗುವವರು ಶಾಭಾಸ್ ಹೇಳುತ್ತಿದ್ದಾನೆ ಎಂದು ತಿಳಿಯುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.