ಆರು ಖಾನೆಯ ಡಬ್ಬಿ

ನಮ್ಮ ಕಾಕಾ ಹೆಂಡತಿಗಿಂತ ಒಂದು ಕಬ್ಬಿಣದ ಡಬ್ಬಿಯನ್ನೇ ಹೆಚ್ಚು ಜೋಪಾನ ಮಾಡಿದ ಮನುಷ್ಯ. ಇದು ನನ್ನ ಮಾತಲ್ಲ, ಸಾಕ್ಷಾತ್ ಕಾಕಿಯ ಮಾತು!

ಎಂಬತ್ತರ ದಶಕದ ಕೊನೆ. ಕಲಬುರ್ಗಿಯ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕಾಕಾ ಇನ್‌ಸ್ಟ್ರಕ್ಟರ್. ನಾನು ಗಾಜಿಪುರ ಬಡಾವಣೆಯ ಅವರ ಮನೆಯಲ್ಲಿದ್ದುಕೊಂಡು ಅದೇ ಕಾಲೇಜಿನಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಲ್ಯಾಬಿನ ಆ ಡಬ್ಬಿಗೆ ಮೇನ್‌ಫ್ರೇಮ್ ಎಂದು ಹೆಸರು. ಅದಕ್ಕೆ ಆರು ಖಾನೆ. ಬೇಕಾದ ಮೀಟರನ್ನು ಬೇಕಾದ ಖಾನೆಗೆ ತಳ್ಳಿ ಕೂಡಿಸಬೇಕು. ಯಾವ ಮೀಟರಿಗೂ ಸ್ವಂತ ಕರೆಂಟಿಲ್ಲ. ಹಿಂದೆ ಕೂತ ಒಂದೇ ಪವರ್ ಸಪ್ಲೈ ಎಲ್ಲವನ್ನೂ ಸಾಕಬೇಕು.

"ಖಾನಿ ಆರ್ ಅದಾವಂತ ಆರೂ ತುಂಬಬ್ಯಾಡ್ರಿ," ಎಂದು ಕಾಕಾ ಗುಡುಗುತ್ತಿದ್ದರು. "ಜಾಗಾ ಅದ ಅಂದ್ರ ತಾಕತ್ ಅದ ಅಂತಲ್ಲ!" ಒಂದೊಂದು ಮೀಟರು ಎಷ್ಟು ಕರೆಂಟು ಎಳೆಯುತ್ತದೆಂದು ಚೀಟಿ ಅಂಟಿಸಿದ್ದರು, ಲೆಕ್ಕ ಕೂಡಿಸಿ ನೋಡದೆ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಅತಿಥಿಗಳಿಗೆ ತೋರಿಸಲೆಂದು ಪ್ರಿನ್ಸಿಪಾಲರು ಒಮ್ಮೆ ಆರೂ ಖಾನೆ ತುಂಬಿಸಲು ಹೇಳಿದರು. ಕಾಕಾ ತುಂಬಿಸಿದರು, ಆದರೆ ಚಾಲೂ ಮಾಡಲಿಲ್ಲ! "ಸಾಹೇಬ್ರ, ತುಂಬ್ಸು ಅಷ್ಟ ಅಂದಿದ್ರಲ್ಲರೀ?"

ಡಬ್ಬಿ ಚಾಲೂ ಇದ್ದಾಗ ಹೊಸ ಮೀಟರು ತುರುಕುವುದಂತೂ ಮಹಾಪಾಪ. ನಮ್ಮೂರು ಕಮಲಾಪುರದ ಮದುವೆಯೊಂದರಲ್ಲಿ, ಊಟ ನಡೆದಾಗ, ತಡವಾಗಿ ಬಂದ ಬೀಗರೊಬ್ಬರು ಪಂಕ್ತಿಯ ನಡುವೆ ಕೂರಲು ಹೋದರು. ಕಾಕಾ ಎದ್ದು ನಿಂತು, ಲ್ಯಾಬಿನಲ್ಲಿ ಹುಡುಗರಿಗೆ ಹೇಳುವಂತೆಯೇ, ಕೈ ಅಡ್ಡ ಮಾಡಿದರು: "ಮೊದ್ಲ ಬಂದ್ ಮಾಡ್ರಿ, ಆಮ್ಯಾಲ ಕೂಡ್ಸ್ರಿ!" ಹುಗ್ಗಿಯ ಬಕೆಟ್ಟು ಹಿಡಿದವನು ನಿಂತಲ್ಲೇ ನಿಂತ. ಬೀಗರು ಮಾತ್ರ ಉಣ್ಣದೆ ಹೊರಟುಹೋದರು.

ಇಷ್ಟು ಶಾಣ್ಯಾ ಮನುಷ್ಯನ ಮನೆ ಹೇಗಿತ್ತು ಅಂತೀರಿ? ದವಾಖಾನೆ, ಕೋರ್ಟು, ರೋಜಾ ದರ್ಗಾದ ಉರುಸು, ಯಾವ ನೆಪವಿದ್ದರೂ ಕಮಲಾಪುರದ ಬಸ್ಸಿಳಿದವರು ನೇರ ನಮ್ಮಲ್ಲಿಗೇ. "ಬರ್ರಿ ಬರ್ರಿ, ಜಾಗಾ ಭಾಳ ಅದ!" ಎನ್ನುತ್ತಿದ್ದರು ಕಾಕಾ. ಒಳಗೆ ಕಾಕಿ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ನಾನೂ ನಾಲ್ಕು ರೊಟ್ಟಿಯ ಗಿರಾಕಿಯೇ!

ಒಂದು ಬೇಸಿಗೆಯ ಮಧ್ಯಾಹ್ನ ನಾವು ಹನ್ನೊಂದು ಮಂದಿ ಉಣ್ಣಲು ಕೂತಿದ್ದೆವು. ಒಳಗಿನ ಬಡಿತ ಥಟ್ಟನೆ ನಿಂತಿತು. ಓಡಿ ನೋಡಿದರೆ ಕಾಕಿ ಒಲೆಯ ಪಕ್ಕ ಬಿದ್ದಿದ್ದಳು, ಮೈ ಕೆಂಡದಂತೆ ಸುಡುತ್ತಿತ್ತು. ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು, "ತಡೀರಿ, ಇನ್ನ ಐದ್ ರೊಟ್ಟಿ ಆಗಬೇಕು," ಎಂದಳು. ನಾಲ್ಕು ದಿನದಿಂದ ಜ್ವರವಿತ್ತಂತೆ. ನಾವ್ಯಾರೂ ಕೇಳಿರಲಿಲ್ಲ.

ಕಾಕಾ ಪಂಕ್ತಿಯತ್ತ ತಿರುಗಿ, ಮೀಟರುಗಳ ಲೆಕ್ಕ ಕೂಡಿಸುವವರಂತೆ ಬೆರಳು ಮಡಚಿ ನಮ್ಮನ್ನೆಲ್ಲ ಎಣಿಸತೊಡಗಿದರು. ಅರ್ಧಕ್ಕೇ ಬಿಟ್ಟು ಹೊಸ್ತಿಲ ಮೇಲೆ ಕೂತರು. "ನನಗ ಬುದ್ಧಿ ಇಲ್ಲ ನೋಡು," ಎಂದರು, ಯಾರಿಗೆಂದು ಗೊತ್ತಾಗದ ಹಾಗೆ.

ಮರುದಿನ ರಜೆ ಹಾಕಿ ಒಲೆಯ ಮುಂದೆ ಕೂತರು. ಮೊದಲ ರೊಟ್ಟಿ ಹರಿಯಿತು, ಎರಡನೆಯದು ಹಂಚಿಗೇ ಅಂಟಿತು. ಮೂರನೆಯದನ್ನು, ಅಂಚು ಕರಕಾಗಿದ್ದರೂ, ಹಾಸಿಗೆಯ ಬಳಿ ಒಯ್ದು ಕೊಟ್ಟರು. ಕಾಕಿ ಒಂದು ತುಣುಕು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಬಿಸಿ ಅದ ರೀ," ಎಂದಳು. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂದವು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಬಿಸಿ ರೊಟ್ಟಿ ಉಂಡದ್ದು ಅದೇ ಮೊದಲು.